ಹೊಡೆದರು, ಹೊಡೆಯುತ್ತಿದ್ದರು

ವ್ಯಾಕರಣದಲ್ಲಿ ತಪ್ಪಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಹೆಚ್ಚೆಂದರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ. ಅದರಿಂದ ಪಾಪ ತಗಲುತ್ತದೆಂದು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದಿದ್ದೇನೆ. ಸಂಧಿಯ ತಪ್ಪು, ವಿಭಕ್ತಿಯ ತಪ್ಪು, ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಇವನ್ನೆಲ್ಲ ತಿದ್ದಿ ತಿದ್ದಿ ಎಷ್ಟೋ ಕೆಂಪು ಶಾಯಿ ಖರ್ಚು ಮಾಡಿದ್ದೇನೆ. ಅವುಗಳಲ್ಲಿ ಒಂದನ್ನಾದರೂ ನೀತಿಯ ಪ್ರಶ್ನೆಯೆಂದು ಭಾವಿಸಿದವನಲ್ಲ. ವ್ಯಾಕರಣವೆಲ್ಲ ಸರಿಯಾಗಿದ್ದೂ ಮಾತು ತಪ್ಪಾಗಬಹುದು, ಕ್ರಿಯಾಪದದ ಕೊನೆಯ ಎರಡು ಮೂರು ಅಕ್ಷರಗಳಲ್ಲಿ ಒಬ್ಬ ಮನುಷ್ಯನಿಗೆ ಅನ್ಯಾಯವಾಗಿಹೋಗಬಹುದು ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ನಲವತ್ತು ದಾಟಿದ ಮೇಲೆ ನಾನು ಕಲಿಯಹೊರಟ ಫ್ರೆಂಚ್ ಭಾಷೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಆ ಪಾಠವನ್ನು ಬರೆಯುತ್ತಿದ್ದಾಗ ಮಗ್ಗುಲಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ನನ್ನ ತಾಯಿ.

ಈ ವಯಸ್ಸಿನಲ್ಲಿ ಫ್ರೆಂಚ್ ಏಕೆ ಎಂದು ಸ್ನೇಹಿತರು ಕೇಳಿದರು. ಫ್ಲೋಬೇರನ ಕಾದಂಬರಿಯನ್ನು ಮೂಲದಲ್ಲಿಯೇ ಓದಬೇಕೆಂಬ ಹಳೆಯ ಹಂಬಲವೊಂದಿತ್ತು, ಅಷ್ಟೇ ಕಾರಣ. ಸಂಜೆಯ ತರಗತಿಗೆ ಸೇರಿದೆ. ಸುತ್ತ ಕುಳಿತವರೆಲ್ಲ ಹೊರದೇಶಕ್ಕೆ ಹೋಗಲು ಸಿದ್ಧರಾದ ತರುಣ ತರುಣಿಯರು. ಅವರ ನಡುವೆ ತಲೆ ನರೆತ ಮೇಷ್ಟರೊಬ್ಬ ಕ್ರಿಯಾಪದ ಒಪ್ಪಿಸುವುದನ್ನು ಕಂಡು ಅವರಿಗೆ ಒಳಗೊಳಗೇ ನಗು ಬಂದಿರಬೇಕು. ಇದ್ದರೂ ತೋರಿಸಿಕೊಳ್ಳಲಿಲ್ಲ, ಒಳ್ಳೆಯ ಮಕ್ಕಳು.

ಮೂರನೆಯ ತಿಂಗಳಿನಲ್ಲಿ ಭೂತಕಾಲ ಬಂತು. ಫ್ರೆಂಚರಿಗೆ ಭೂತಕಾಲ ಒಂದಲ್ಲ, ಹಲವು. ಅವುಗಳಲ್ಲಿ ಮಾತಿಗೆ ದಿನವೂ ಬೇಕಾದವು ಎರಡು. ನಡೆದು ಮುಗಿದ ಸಂಗತಿಯನ್ನು ಹೇಳುವುದು ಒಂದು: ಬಾಗಿಲು ತೆರೆಯಿತು, ಅವನು ಬಂದ, ಅವಳು ಎದ್ದಳು. ಇನ್ನೊಂದಕ್ಕೆ 'ಆಂಪಾರ್ಫೆ' ಎಂದು ಹೆಸರು. ಅಪೂರ್ಣವಾದದ್ದು ಎಂದು ಅರ್ಥ. ಮಳೆ ಬರುತ್ತಿತ್ತು, ದೀಪ ಉರಿಯುತ್ತಿತ್ತು, ಅಜ್ಜಿ ಪ್ರತಿ ರಾತ್ರಿ ಕಥೆ ಹೇಳುತ್ತಿದ್ದಳು ಎಂಬಂಥ ಮಾತುಗಳಿಗೆ ಇದು ಬೇಕು. ಮಳೆ ನಿಂತಿರಬಹುದು, ದೀಪ ಆರಿರಬಹುದು, ಅಜ್ಜಿ ಸತ್ತು ಮೂವತ್ತು ವರ್ಷವಾಗಿರಬಹುದು. ಆ ಮುಕ್ತಾಯದ ಕಡೆಗೆ ಈ ಕಾಲ ಕಣ್ಣು ಹಾಯಿಸುವುದಿಲ್ಲ. ಕ್ರಿಯೆಯ ಒಳಗೆ ನಿಂತು ಅಲ್ಲಿಂದ ನೋಡುತ್ತದೆ. ಒಳಗೆ ನಿಂತವನಿಗೆ ಅಂಚು ಕಾಣುವುದಿಲ್ಲ.

ಇದರ ರೂಪಗಳನ್ನು ಕಟ್ಟುವ ಕ್ರಮ ಬಹು ಸುಲಭ, ಆದರೆ ವಿಚಿತ್ರ. ವರ್ತಮಾನಕಾಲದ 'ನಾವು' ರೂಪವನ್ನು ಮೊದಲು ಹಿಡಿಯಬೇಕು. 'ನೂ ಪಾರ್ಲೋಂ' ಎಂದರೆ ನಾವು ಮಾತನಾಡುತ್ತೇವೆ. ಅದರ ಕೊನೆಯ 'ಓಂ' ಎಂಬ ಪ್ರತ್ಯಯವನ್ನು ತೆಗೆದುಹಾಕಿದರೆ 'ಪಾರ್ಲ್' ಎಂಬ ಬುಡ ಉಳಿಯುತ್ತದೆ. ಅದಕ್ಕೆ ಆರು ಪ್ರತ್ಯಯಗಳನ್ನು ಸೇರಿಸಿದರೆ ಆರು ರೂಪಗಳಾದವು. ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೂ ಬರವಣಿಗೆಯಲ್ಲಿ ಕಾಗುಣಿತ ಸ್ವಲ್ಪ ಬೇರೆಯಾದರೂ ಕಿವಿಗೆ ಕೇಳುವುದು ಒಂದೇ: 'ಪಾರ್ಲೆ'. ನಾವು, ನೀವು ಎಂಬೆರಡು ಮಾತ್ರ ಬೇರೆ: 'ಪಾರ್ಲ್ಯೋಂ', 'ಪಾರ್ಲ್ಯೇ'. ಇಡೀ ಭಾಷೆಯಲ್ಲಿ ಈ ಕ್ರಮಕ್ಕೆ ಒಗ್ಗದ ಧಾತು ಒಂದೇ ಒಂದು, 'ಎತ್ರ್', ಅಂದರೆ ಇರು. ಉಳಿದ ಎಷ್ಟು ಅಡ್ಡಾದಿಡ್ಡಿ ಕ್ರಿಯಾಪದವಾದರೂ ಇಲ್ಲಿಗೆ ಬಂದೊಡನೆ ಸಾಧುವಾಗಿಬಿಡುತ್ತದೆ.

ಕಳೆದುಹೋದ 'ನಾನು' ಎಂಬುದನ್ನು ಹೇಳಬೇಕಾದರೆ ಇಂದಿನ 'ನಾವು' ಎಂಬುದರ ಮೂಲಕ ಹೋಗಬೇಕು ಎಂಬ ಈ ನಿಯಮದಲ್ಲಿ ನನಗೆ ಮೊದಲು ಯಾವ ಅರ್ಥವೂ ಕಾಣಲಿಲ್ಲ. ಬಾಯಿಪಾಠ ಮಾಡಿದೆ, ಮನೆಗೆ ಬಂದೆ.

ಅಂದಿನ ಮನೆಗೆಲಸ, ನಮ್ಮ ಹಿಂದಿನ ದಿನಗಳ ಬಗ್ಗೆ ಈ ಅಪೂರ್ಣ ಭೂತದಲ್ಲಿ ಹತ್ತು ವಾಕ್ಯ. ನಮ್ಮ ಮನೆ ಕೆರೆಯ ಬಳಿ ಇತ್ತು. ಅಂಗಳದಲ್ಲಿ ಪಾರಿಜಾತ ಅರಳುತ್ತಿತ್ತು. ಅಜ್ಜಿ ಕಥೆ ಹೇಳುತ್ತಿದ್ದಳು. ಹೀಗೆ ಸಾಗಿ ಎಂಟನೆಯ ವಾಕ್ಯವಾಗಿ 'ಮೋಂ ಪೇರ್ ಮ ಬತೆ' ಎಂದು ಬರೆದೆ. ಅಪ್ಪ ನನ್ನನ್ನು ಹೊಡೆಯುತ್ತಿದ್ದರು. ಒಂಬತ್ತನೆಯದು: ಹಾಸ್ಟೆಲಿನಿಂದ ನಾನು ವಾರವಾರವೂ ಅಮ್ಮನಿಗೆ ಕಾಗದ ಬರೆಯುತ್ತಿದ್ದೆ. ಏನು ಬರೆದೆ, ಓದು ಕೇಳೋಣ ಎಂದರು ನನ್ನ ತಾಯಿ. ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತ ಹೋದೆ. ಎಂಟನೆಯದಕ್ಕೆ ಬತ್ತಿ ಹೊಸೆಯುವ ಕೈ ನಿಂತಿತು.

"ಯಾವಾಗ?" ಎಂದರು.

"ಚಿಕ್ಕವನಿದ್ದಾಗಮ್ಮ. ಆ ಪೆನ್ನಿನ ವಿಷಯಕ್ಕೆ ಹೊಡೆದಿರಲಿಲ್ಲವೇ?"

"ಹೊಡೆದರು. ಒಂದು ಸಲ."

"ಅದನ್ನೇ ಬರೆದಿದೀನಿ."

"ಅದನ್ನೇ ಎಲ್ಲಿ ಬರೆದಿದೀಯ? ಒಂದು ಸಲ ಹೊಡೆದದ್ದಕ್ಕೂ ಹೊಡೀತಿದ್ದದ್ದಕ್ಕೂ ವ್ಯತ್ಯಾಸ ಇಲ್ಲವೇನೋ? ಹೊಡೆದದ್ದು ತಪ್ಪೇ. ಅವತ್ತೂ ಅವರ ಮುಖದ ಮುಂದೆಯೇ ಹೇಳಿದೆ, ಇವತ್ತೂ ಹೇಳ್ತೀನಿ. ತಪ್ಪು ಮಾಡಿದರು ಅಂತ ಬೇಕಾದರೆ ಬರಿ. ಹೊಡೀತಿದ್ದರು ಅಂತ ಬರೀಬೇಡ. ಅವರು ಹಾಗಿರಲಿಲ್ಲ."

ಒಂಬತ್ತನೆಯ ವಾಕ್ಯಕ್ಕೆ ಅವರು ಬರಿದೇ "ಹೂಂ" ಎಂದು ಮತ್ತೆ ಬತ್ತಿಗೆ ಕೈ ಹಾಕಿದರು. ನಾನು ಏನನ್ನೂ ತಿದ್ದಲಿಲ್ಲ. ಮರುದಿನ ನಮ್ಮ ಫ್ರೆಂಚ್ ಉಪಾಧ್ಯಾಯಿನಿ ಹತ್ತು ವಾಕ್ಯಕ್ಕೂ ಸರಿ ಗುರುತು ಹಾಕಿ ಪುಸ್ತಕ ಹಿಂದಿರುಗಿಸಿದರು. ಅವರ ಕೆಲಸ ಅವರು ಮಾಡಿದರು. ಒಂದು ಸಲವೇ, ಹಲವು ಸಲವೇ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಪೆನ್ನಿನ ವಿಷಯವನ್ನು ಇಲ್ಲಿ ಹೇಳಿಬಿಡುತ್ತೇನೆ. ನನಗೆ ಆಗ ಒಂಬತ್ತು ವರ್ಷ. ಸಹಪಾಠಿಯೊಬ್ಬನ ಇಂಕ್ ಪೆನ್ನು ಕಾಣೆಯಾಯಿತು. ಅವನ ತಂದೆ ನಮ್ಮ ಮನೆಗೆ ಬಂದು ಬೀದಿಗೆ ಕೇಳುವಂತೆ ಮಾತಾಡಿದರು. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ಹುಣಿಸೆ ಬರಲು ತೆಗೆದುಕೊಂಡರು. ನಾಲ್ಕು ದಿನದ ಮೇಲೆ ಪೆನ್ನು ಅವರ ಮನೆಯಲ್ಲೇ ಸಿಕ್ಕಿತು. ಅಪ್ಪ ಅದರ ವಿಷಯ ಎತ್ತಲೇ ಇಲ್ಲ; 2009ರಲ್ಲಿ ತೀರಿಕೊಳ್ಳುವವರೆಗೂ ಎತ್ತಲಿಲ್ಲ. ಹೀಗಿರುವಾಗ 'ಹೊಡೆಯುತ್ತಿದ್ದರು' ಎಂದು ಬರೆದದ್ದು ನಾನು ಬೇಕೆಂದು ಹೇಳಿದ ಸುಳ್ಳಲ್ಲ. ನನ್ನ ಮಟ್ಟಿಗೆ ಅದು ನಿಜವಾಗಿಯೇ ಇತ್ತು. ಏಕೆ ಹಾಗಿತ್ತು ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ನಮ್ಮ ದೇಶದ ವೈಯಾಕರಣರಿಗೂ ಭೂತಕಾಲ ಒಂದಾಗಿರಲಿಲ್ಲ. ಪಾಣಿನಿಯ ಲುಙ್, ಲಙ್, ಲಿಟ್ ಎಂಬ ಮೂರು ಭೂತಗಳನ್ನು ಸಂಸ್ಕೃತ ಓದಿದವರು ಬಲ್ಲರು. ಲುಙ್ ಸಾಮಾನ್ಯ ಭೂತಕ್ಕೆ, ಲಙ್ ಇಂದಿನದಲ್ಲದ ಭೂತಕ್ಕೆ, ಲಿಟ್ ಹೇಳುವವನು ಕಣ್ಣಾರೆ ಕಾಣದ ಭೂತಕ್ಕೆ. ಹಾಗಾದರೆ 'ನಾನು' ಎಂಬ ಕರ್ತೃವಿಗೆ ಲಿಟ್ ಹೇಗೆ ಸಲ್ಲುತ್ತದೆ? ನಾನು ಮಾಡಿದ್ದನ್ನು ನಾನೇ ಕಾಣದಿರುವುದುಂಟೇ? ವ್ಯಾಖ್ಯಾನಕಾರರು ಇದಕ್ಕೂ ಉತ್ತರ ಹುಡುಕಿದರು: ನಿದ್ದೆಯಲ್ಲಿ ಅಥವಾ ಅಮಲಿನಲ್ಲಿ ಬಡಬಡಿಸಿದವನು ತನ್ನ ಕೃತ್ಯವನ್ನು ತಾನೇ ಪರೋಕ್ಷವಾಗಿ ಹೇಳಬಹುದು ಎಂದರು. ಈ ಉತ್ತರವನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಎಂದು ನಡೆಯಿತು, ನೀನು ಕಂಡೆಯಾ ಎಂದು ಅವರು ಸಾಕ್ಷಿಯನ್ನು ಕೇಳುವಂತೆ ಕೇಳಿದರು. ಫ್ರೆಂಚರ ವ್ಯಾಕರಣ ಬೇರೊಂದನ್ನು ಕೇಳುತ್ತದೆ: ನೀನು ಎಲ್ಲಿ ನಿಂತು ನೋಡುತ್ತಿದ್ದೀಯ, ಹೊರಗೋ ಒಳಗೋ? ಕನ್ನಡದ 'ಹೊಡೆದರು', 'ಹೊಡೆಯುತ್ತಿದ್ದರು' ಎಂಬ ಜೋಡಿಯಲ್ಲಿಯೂ ಇದೇ ಪ್ರಶ್ನೆ ಅಡಗಿದೆ. ದಿನಕ್ಕೆ ನೂರು ಸಲ ಅದಕ್ಕೆ ಉತ್ತರ ಕೊಡುತ್ತೇವೆ. ಕೊಟ್ಟೆವೆಂದು ಮಾತ್ರ ನಮಗೆ ಗೊತ್ತಾಗುವುದಿಲ್ಲ.

ಆ ಉತ್ತರವನ್ನು ನಾವು ಹೇಗೆ ಕೊಡುತ್ತೇವೆ ಎಂದು ಕೆಲವು ವಾರ ಸುಮ್ಮನೆ ಕಿವಿಗೊಟ್ಟು ಕೇಳಿದೆ. ನಮ್ಮ ತಪ್ಪನ್ನು ನಾವು ಮುಗಿದ ಭೂತದಲ್ಲಿ ಹೇಳುತ್ತೇವೆ: ಅಂದು ಸಿಟ್ಟು ಬಂತು, ಒಂದು ಮಾತು ಆಡಿಬಿಟ್ಟೆ. ಇತರರ ತಪ್ಪು ಅಪೂರ್ಣ ಭೂತಕ್ಕೆ ಹೋಗುತ್ತದೆ: ಅವನು ಯಾವಾಗಲೂ ಹಾಗೇ ಮಾತನಾಡುತ್ತಿದ್ದ. ನಮ್ಮ ಒಳ್ಳೆಯತನದ ವಿಷಯ ಬಂದಾಗ ಕಾಲಗಳು ಅದಲು ಬದಲಾಗುತ್ತವೆ. ನಾನು ಎಲ್ಲರಿಗೂ ಸಹಾಯ ಮಾಡುತ್ತಿದ್ದೆ. ಅವನು ಒಮ್ಮೆ ನೂರು ರೂಪಾಯಿ ಕೊಟ್ಟ. ಕ್ಷಮೆ ಕೇಳಬೇಕಾದಾಗ ನಮ್ಮ ಭಾಷೆ ಕೊಡುವ ಮಾತನ್ನು ಗಮನಿಸಿ: ತಪ್ಪಾಯಿತು. ಮಾಡಿದವನು ಮಾಯವಾಗಿದ್ದಾನೆ, ಕ್ರಿಯೆ ಮುಗಿದುಹೋಗಿದೆ. ಅದೂ ಸಾಲದಿದ್ದರೆ ಆದದ್ದಾಯಿತು ಎಂದು ಮೇಲೊಂದು ಬೀಗ ಜಡಿಯುತ್ತೇವೆ. ತಪ್ಪು ಮಾಡುತ್ತಿದ್ದೆ ಎಂದು ಕ್ಷಮೆ ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಅಂದರೆ ಈ ಎರಡು ಭೂತಗಳ ನಡುವೆ ಇರುವುದು ಕಾಲದ ಲೆಕ್ಕ ಮಾತ್ರವಲ್ಲ. 'ಹೊಡೆದರು' ಎಂದರೆ ಒಂದು ಕೃತ್ಯವನ್ನು ಹೇಳಿದಂತಾಯಿತು. 'ಹೊಡೆಯುತ್ತಿದ್ದರು' ಎಂದೊಡನೆ ಒಬ್ಬ ಮನುಷ್ಯನನ್ನೇ ಹೇಳಿದಂತಾಗುತ್ತದೆ. ನನ್ನ ತಾಯಿ ವ್ಯಾಕರಣ ಓದಿದವರಲ್ಲ. ಆದರೆ ಕ್ರಿಯಾಪದವನ್ನು ತಿದ್ದಿದ ಮೇಲೆ ಅವರು ಸೇರಿಸಿದ ಮಾತು ಏನು? ಅವರು ಹಾಗಿರಲಿಲ್ಲ. 'ಹೊಡೆ' ಎಂಬ ಧಾತುವಿನಿಂದ ನಾನು ಹೊರಟಿದ್ದೆ. ನಾನು ಗುಟ್ಟಾಗಿ ಸೇರಿದ್ದು 'ಇರು' ಎಂಬ ಧಾತುವನ್ನು ಎಂದು ಅವರಿಗೆ ತಟ್ಟನೆ ತಿಳಿಯಿತು.

ಈ ಕ್ರಿಯಾರೂಪದ ಗೊಂದಲ ಒಮ್ಮೆ ಪ್ಯಾರಿಸ್ಸಿನ ನ್ಯಾಯಾಲಯದವರೆಗೂ ಹೋಗಿತ್ತು. ಫ್ಲೋಬೇರನ 'ಮದಾಂ ಬೊವಾರಿ' 1856ರಲ್ಲಿ ಒಂದು ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಸಾರ್ವಜನಿಕ ನೀತಿಗೂ ಧರ್ಮಕ್ಕೂ ಧಕ್ಕೆ ತಂದಿದೆಯೆಂದು ಸರ್ಕಾರ ಮೊಕದ್ದಮೆ ಹೂಡಿತು. 1857ರ ಜನವರಿಯಲ್ಲಿ ವಿಚಾರಣೆ ನಡೆಯಿತು. ಸರ್ಕಾರದ ವಕೀಲ ಎರ್ನೆಸ್ತ್ ಪಿನಾರ್. ಫ್ಲೋಬೇರನ ಪರವಾಗಿ ನಿಂತವನು ಜೂಲ್ ಸೆನಾರ್. ಪಿನಾರ್ ಎತ್ತಿ ತೋರಿಸಿದ ಭಾಗಗಳಲ್ಲಿ ಒಂದು ಹೀಗಿದೆ: ಗಂಡನಿಗೆ ಮೊದಲ ಸಲ ವಂಚಿಸಿದ ಎಮ್ಮಾ ಮನೆಗೆ ಬಂದು ಕನ್ನಡಿ ನೋಡಿಕೊಳ್ಳುತ್ತಾಳೆ, ತಾನು ಸುಂದರಳಾಗಿ ಕಾಣುತ್ತಾಳೆ, ಇಷ್ಟು ದಿನ ಕೈಗೆ ಸಿಗದಿದ್ದ ಸುಖ ಇನ್ನು ತನ್ನದು ಎಂದು ಹಿಗ್ಗುತ್ತಾಳೆ. ಈ ಹಿಗ್ಗನ್ನು ಫ್ಲೋಬೇರ್ ಅಪೂರ್ಣ ಭೂತದಲ್ಲಿ ಬರೆದಿದ್ದಾನೆ. 'ಹೀಗೆಂದು ಅವಳು ಭಾವಿಸಿದಳು' ಎಂಬ ಬೇಲಿ ಅಲ್ಲಿಲ್ಲ. ಅವಳ ಮನಸ್ಸಿನೊಳಗೆ ನಿಂತೇ ಕ್ರಿಯಾಪದ ಮಾತನಾಡುತ್ತದೆ. ಪಿನಾರ್ ಅದನ್ನು ಕಾದಂಬರಿಕಾರನ ಮಾತೆಂದೇ ತಿಳಿದು, ಇದು ವ್ಯಭಿಚಾರದ ಸ್ತುತಿ ಎಂದು ಗುಡುಗಿದ. ಒಬ್ಬ ಹೆಂಗಸಿನ ಒಂದು ಗಳಿಗೆಯ ಭ್ರಮೆಯನ್ನು ಗ್ರಂಥಕರ್ತನ ಸಿದ್ಧಾಂತವೆಂದು ಓದಿದ್ದು ಅವನ ತಪ್ಪು ಎಂದು ಜರ್ಮನಿಯ ವಿದ್ವಾಂಸ ಹಾನ್ಸ್ ರೋಬರ್ಟ್ ಯಾವ್ಸ್ ಈ ಮೊಕದ್ದಮೆಯನ್ನು ವಿವೇಚಿಸುತ್ತ ತೋರಿಸಿಕೊಟ್ಟಿದ್ದಾನೆ. ಫೆಬ್ರವರಿ 7ರಂದು ಫ್ಲೋಬೇರ್ ಬಿಡುಗಡೆಯಾದ. ಪುಸ್ತಕವನ್ನು ತನ್ನ ವಕೀಲ ಸೆನಾರನಿಗೇ ಅರ್ಪಿಸಿದ.

ಪಿನಾರನನ್ನು ನೋಡಿ ನಗುವುದು ಸುಲಭ. ಆದರೆ ಅವನು ಮಾಡಿದ ತಪ್ಪು ನಮಗೇನು ಅಪರೂಪವೇ? ಒಳಗೆ ನಿಂತು ಆಡಿದ ಮಾತನ್ನು ಹೊರಗಿನ ತೀರ್ಪೆಂದು ಅವನು ತಿಳಿದ. ನಾನು ಮಾಡಿದ್ದೂ ಅದೇ. ಒಂಬತ್ತು ವರ್ಷದ ಹುಡುಗನೊಬ್ಬನ ಒಳಗೆ ನಿಂತು ನೋಡಿದ್ದನ್ನು ನಲವತ್ತು ದಾಟಿದ ಮೇಷ್ಟರು ತಂದೆಯ ಮೇಲೆ ಕೊಟ್ಟ ತೀರ್ಪಾಗಿ ಬರೆದುಬಿಟ್ಟೆ.

ಇದಕ್ಕೆ ಎದುರಿನ ಉದಾಹರಣೆ 1942ರಲ್ಲಿ ಬಂದ ಆಲ್ಬೇರ್ ಕಮೂನ 'ಲೆತ್ರಾಂಜೇ'. ಅಲ್ಲಿ ಕಥೆ ಹೇಳುವ ಮರ್ಸೋ ತನ್ನ ಕಥೆಯನ್ನು ಹೆಚ್ಚಾಗಿ ಮುಗಿದ ಭೂತದಲ್ಲೇ, ಅದೂ ಆಡುಮಾತಿನ ಮುಗಿದ ಭೂತದಲ್ಲೇ ನಡೆಸುತ್ತಾನೆ. ಹೋದೆ, ಕುಡಿದೆ, ಮಲಗಿದೆ. ಒಂದು ವಾಕ್ಯ ಮುಂದಿನದರ ಕೈ ಹಿಡಿಯುವುದಿಲ್ಲ. ಸಾರ್ತ್ರ್ 1943ರಲ್ಲಿ ಈ ಕಾದಂಬರಿಯ ಬಗ್ಗೆ ಬರೆದಾಗ ಇದನ್ನೇ ವಿಶೇಷವಾಗಿ ಗಮನಿಸಿದ. ಮರ್ಸೋ ಒಬ್ಬ ಅರಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ನ್ಯಾಯಾಲಯದಲ್ಲಿ ಸರ್ಕಾರಿ ವಕೀಲ ಕೊಲೆಯೊಂದನ್ನೇ ಹಿಡಿದು ಮಾತನಾಡುವುದಿಲ್ಲ. ತಾಯಿಯ ಶವದ ಮುಂದೆ ಈತ ಅಳಲಿಲ್ಲ, ಕಾಫಿ ಕುಡಿದ, ಮರುದಿನ ಈಜಲು ಹೋದ, ನಗೆಯ ಸಿನಿಮಾ ನೋಡಿದ ಎಂದು ಬಿಡಿಬಿಡಿ ಕೃತ್ಯಗಳನ್ನು ದಾರಕ್ಕೆ ಪೋಣಿಸಿ ಒಂದು ಆತ್ಮವನ್ನು ತಯಾರಿಸುತ್ತಾನೆ. ಆ ಆತ್ಮಕ್ಕೆ ಮರಣದಂಡನೆಯಾಗುತ್ತದೆ. ಬಿಡಿ ಕೃತ್ಯಗಳಿಂದ ಸ್ವಭಾವವನ್ನು ಕಟ್ಟುವುದು ಎಷ್ಟು ಅಪಾಯದ ಕೆಲಸವೆಂದು ಓದುಗನಿಗೆ ಮೈ ನಡುಗುತ್ತದೆ. ಇಷ್ಟಾದರೂ ಒಬ್ಬ ಮನುಷ್ಯ ಸತ್ತದ್ದು ನಿಜ. ಮರ್ಸೋನ ಬಿಡಿಬಿಡಿ ವಾಕ್ಯಗಳ ನಡುವೆ ಆ ಸಾವಿಗೆ ಉತ್ತರ ಹೇಳುವವರೇ ಕಾಣುವುದಿಲ್ಲ. ಸ್ವಭಾವವೇ ಇಲ್ಲವೆಂದರೆ ಹೊಣೆಯೂ ಇಲ್ಲವಾಗುತ್ತದೆ.

ಆದ್ದರಿಂದ ಎಲ್ಲವನ್ನೂ ಮುಗಿದ ಭೂತದಲ್ಲೇ ಹೇಳೋಣ, ಅದೇ ನ್ಯಾಯ, ಎಂದು ನಾನು ಹೇಳಲಾರೆ. ನಿತ್ಯವೂ ಏಟು ತಿಂದು ಬೆಳೆದ ಮಕ್ಕಳಿದ್ದಾರೆ. ವರ್ಷಗಟ್ಟಲೆ ಅವಮಾನವನ್ನು ನುಂಗಿದ ಹೆಂಗಸರಿದ್ದಾರೆ. ಬಾವಿಯ ಬಳಿಗೆ ಹೋದಾಗಲೆಲ್ಲ ಅಟ್ಟಿಸಿಕೊಂಡವರಿದ್ದಾರೆ. 'ಎಂದೋ ಒಮ್ಮೆ ಏನೋ ಆಯಿತು' ಎಂದು ಅವರ ಮುಂದೆ ಹೇಳುವವನು ನಾನು ಮಾಡಿದ್ದಕ್ಕಿಂತ ದೊಡ್ಡ ಅನ್ಯಾಯ ಮಾಡುತ್ತಾನೆ. ಅಲ್ಲಿ ಸತ್ಯ ಇರುವುದೇ 'ಉತ್ತಿದ್ದ' ಎಂಬುದರಲ್ಲಿ. ಬಲವುಳ್ಳವರಿಗೆ ಮುಗಿದ ಭೂತ ಪ್ರಿಯ, ನೊಂದವರಿಗೆ ಅಪೂರ್ಣ ಭೂತ ಅನಿವಾರ್ಯ. ನಮ್ಮ ಮಾತಿನಲ್ಲಿ ಭೂತವೆಂದರೆ ಕಳೆದುಹೋದದ್ದು, ಭೂತವೆಂದರೆ ಬಿಟ್ಟುಹೋಗದೆ ಕಾಡುವ ದೆವ್ವ. ಈ ಎರಡನೆಯ ಅರ್ಥಕ್ಕೆ ಸಲ್ಲುವುದು ಅಪೂರ್ಣ ಭೂತವೇ.

ಇಲ್ಲಿಗೆ ಬಂದಾಗ ನನ್ನ ಪ್ರಶ್ನೆಗೆ ಉತ್ತರದ ಎಳೆಯೊಂದು ಸಿಕ್ಕಿತು. ಅಪ್ಪ ಹೊಡೆದದ್ದು ಒಂದು ಸಲ. ಆದರೆ ಆ ದಿನದಿಂದ ಮೊದಲ್ಗೊಂಡು ಹಾಸ್ಟೆಲಿಗೆ ಹೋಗುವವರೆಗೆ, ಸಂಜೆ ಅವರ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳಿದೊಡನೆ ನನ್ನ ಹೊಟ್ಟೆಯೊಳಗೆ ಏನೋ ಬಿಗಿಯುತ್ತಿತ್ತು. ಯಾರ ವಸ್ತು ಕಳೆದರೂ ನಾನು ಬೆವರುತ್ತಿದ್ದೆ. ಏಟಿಗೆ ಅಂಚಿತ್ತು, ಹೆದರಿಕೆಗೆ ಇರಲಿಲ್ಲ. ಅಪೂರ್ಣ ಭೂತ ನನ್ನ ಹೆದರಿಕೆಯ ಕಾಲ. ಅದನ್ನು ನಾನು ನನ್ನ ಕ್ರಿಯಾಪದದಿಂದ ಕಿತ್ತು ಅಪ್ಪನ ಕ್ರಿಯಾಪದಕ್ಕೆ ಅಂಟಿಸಿದ್ದೆ. ತಪ್ಪು ಇದ್ದದ್ದು ಅಲ್ಲಿ. 'ಅವರು ಹೊಡೆದರು; ನಾನು ಹೆದರುತ್ತಿದ್ದೆ.' ಎರಡು ಕರ್ತೃ, ಎರಡು ಕಾಲ. ಫ್ರೆಂಚ್ ಪಾಠದ ಮೊದಲ ದಿನವೇ ಉಪಾಧ್ಯಾಯಿನಿ ಕೊಟ್ಟ ಮಾದರಿ ಇದೇ ಆಗಿತ್ತು: ಮಳೆ ಬರುತ್ತಿತ್ತು, ಬಾಗಿಲು ತಟ್ಟಿದ ಸದ್ದಾಯಿತು. ಎರಡು ಕಾಲಗಳನ್ನೂ ಒಂದೇ ಉಸಿರಿನಲ್ಲಿ ಹಿಡಿಯದೆ ಒಂದು ಸಣ್ಣ ಸಂಜೆಯನ್ನೂ ಹೇಳಲಾಗುವುದಿಲ್ಲ. ಒಂದು ಬಾಲ್ಯವನ್ನು ಒಂದೇ ಕಾಲದಲ್ಲಿ ಹೇಳಿ ಮುಗಿಸುತ್ತೇನೆಂದು ನಾನು ಹೊರಟಿದ್ದೆನಲ್ಲ!

'ಹೊಡೆದದ್ದು ತಪ್ಪೇ' ಎಂದು ನನ್ನ ತಾಯಿ ಮೊದಲೇ ಹೇಳಿದ್ದು ಎಷ್ಟು ಮುಖ್ಯವೆಂದು ಈಗ ಕಾಣುತ್ತದೆ. ಒಂದೇ ಸಲ ಎನ್ನುವುದು ಕ್ಷಮೆಯ ಅರ್ಜಿಯಾಗಿರಲಿಲ್ಲ. ತಪ್ಪನ್ನು ಅವರು ಚಿಕ್ಕದು ಮಾಡಲಿಲ್ಲ. ಅದಕ್ಕೆ ಸರಿಯಾದ ಅಳತೆ ಕೊಟ್ಟರು. ಸತ್ತವರಿಗೆ ನಾವು ಸಲ್ಲಿಸಬೇಕಾದ ಋಣ ಹೊಗಳಿಕೆಯಲ್ಲ, ಈ ಅಳತೆ. ಬದುಕಿರುವವನು 'ನಾನು ಹಾಗಲ್ಲ' ಎಂದು ಎದ್ದು ನಿಂತು ಹೇಳಬಹುದು. ಸತ್ತವನ ಪರವಾಗಿ ಯಾರಾದರೂ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಹೇಳಬೇಕು.

ಮಾರ್ಸೆಲ್ ಪ್ರೂಸ್ತನಿಗೆ ಈ ಅಪೂರ್ಣ ಭೂತ ಕಿವಿಗೆ ಬಿದ್ದರೆ ಸಾಕು, ಕಾರಣ ತಿಳಿಯದ ದುಃಖವಾಗುತ್ತಿತ್ತಂತೆ. ಓದುವಿಕೆಯ ಬಗ್ಗೆ ಬರೆದ ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ ಅವನೇ ಅದನ್ನು ಒಪ್ಪಿಕೊಂಡಿದ್ದಾನೆ. ರಸ್ಕಿನ್ನನ ಪುಸ್ತಕವೊಂದರ ತನ್ನ ಅನುವಾದಕ್ಕೆ ಮುನ್ನುಡಿಯಾಗಿ ಅವನು ಆ ಪ್ರಬಂಧವನ್ನು ಬರೆದದ್ದು. ಆದರೆ ಅದೇ ರೂಪವನ್ನು ಫ್ರೆಂಚ್ ಮಕ್ಕಳು ಆಟಕ್ಕೆ ಬಳಸುತ್ತಾರೆಂದು ನಮ್ಮ ಉಪಾಧ್ಯಾಯಿನಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಆಟ ಶುರುವಾಗುವ ಮೊದಲು ಮಕ್ಕಳು ಪಾತ್ರ ಹಂಚಿಕೊಳ್ಳುತ್ತವೆ: 'ನಾನು ರಾಜ ಆಗಿದ್ದೆ, ನೀನು ಕಳ್ಳ ಆಗಿದ್ದೆ.' ಇಲ್ಲಿ ಭೂತಕಾಲವೇ ಇಲ್ಲ. ಹಾಗೆಂದುಕೊಳ್ಳೋಣ ಎಂಬ ಒಪ್ಪಂದ ಮಾತ್ರ. 'ನಾನು ಶ್ರೀಮಂತನಾಗಿದ್ದರೆ' ಎಂಬ ಕನಸಿಗೂ ಅವರಲ್ಲಿ ಇದೇ ರೂಪ. 'ಇನ್ನೊಂದು ನಿಮಿಷವಾಗಿದ್ದರೆ ರೈಲು ಹಳಿ ತಪ್ಪುತ್ತಿತ್ತು' ಎಂದು ನಡೆಯದೇ ಹೋದ ಅನಾಹುತಕ್ಕೂ ಇದೇ. ಕನ್ನಡದಲ್ಲಿಯೂ 'ತಪ್ಪುತ್ತಿತ್ತು' ಎಂದೇ ಅಲ್ಲವೇ ಹೇಳುವುದು? ನೆನಪು, ಅಭ್ಯಾಸ, ಆಟ, ಆಸೆ, ತಪ್ಪಿದ ಆಪತ್ತು ಇವಿಷ್ಟನ್ನೂ ಒಂದೇ ಪ್ರತ್ಯಯ ಹೊತ್ತು ನಿಂತಿದೆ. ಅಂಥ ಪ್ರತ್ಯಯವನ್ನು ನಾವು ಸಾಕ್ಷಿಯ ಕಟಕಟೆಗೆ ಹತ್ತಿಸುವಾಗ ಸ್ವಲ್ಪ ಎಚ್ಚರವಾಗಿರಬೇಕು.

ಇನ್ನು ಒಂಬತ್ತನೆಯ ವಾಕ್ಯದ ವಿಷಯ. ಮೊನ್ನೆ ಊರಿನ ಮನೆಯ ಖಾತೆಯ ಕಾಗದ ಹುಡುಕುತ್ತ ಅಮ್ಮನ ಹಳೆಯ ಟ್ರಂಕನ್ನು ತೆರೆದೆ. ರೇಷ್ಮೆ ಸೀರೆಯ ಕೆಳಗೆ ನೂಲಿನಿಂದ ಕಟ್ಟಿದ ಒಂದು ಸಣ್ಣ ಕಟ್ಟು ಸಿಕ್ಕಿತು. ನೀಲಿ ಬಣ್ಣದ ಇನ್‌ಲ್ಯಾಂಡ್ ಪತ್ರಗಳು, ನನ್ನ ಕೈಬರಹ. ಎಣಿಸಿದೆ, ಹನ್ನೊಂದಿದ್ದವು. ನಾನು ಹಾಸ್ಟೆಲಿನಲ್ಲಿದ್ದದ್ದು 1997ರಿಂದ 2000ದವರೆಗೆ, ಮೂರು ವರ್ಷ. ವಾರವಾರವೂ ಬರೆದಿದ್ದರೆ ನೂರೈವತ್ತಾದರೂ ಇರಬೇಕಿತ್ತು. ಸಿಕ್ಕ ಹನ್ನೊಂದರಲ್ಲಿ ಏಳು ಹಣ ಕೇಳಿ ಬರೆದವು. ಒಂದನ್ನೂ ಕಳೆಯದೆ ಇಟ್ಟುಕೊಂಡವರಿಗೆ ಲೆಕ್ಕ ಗೊತ್ತಿರಲಿಲ್ಲವೆಂದು ನಾನು ಹೇಗೆ ನಂಬಲಿ? 'ಕಾಗದ ಬರೆಯುತ್ತಿದ್ದೆ' ಎಂದು ಅಂದು ನಾನು ಓದಿದಾಗ ಅವರಿಗೆ ಎಲ್ಲವೂ ಗೊತ್ತಿತ್ತು. ಎಂಟನೆಯ ವಾಕ್ಯಕ್ಕೆ ನಿಂತ ಕೈ ಒಂಬತ್ತನೆಯದಕ್ಕೆ ನಿಲ್ಲಲಿಲ್ಲ.

ಇದು ನ್ಯಾಯವೇ? ಗಂಡನಿಗೊಂದು ವ್ಯಾಕರಣ, ಮಗನಿಗೊಂದು ವ್ಯಾಕರಣವೇ? ತಂದೆಗೆ ಅನ್ಯಾಯವಾಗುವ ಅಪೂರ್ಣ ಭೂತವನ್ನು ತಿದ್ದಿದರು, ನನಗೆ ಮಾನ ತರುವ ಅಪೂರ್ಣ ಭೂತವನ್ನು ಹಾಗೆಯೇ ಬಿಟ್ಟರು. ಅದನ್ನು ಅವರು ಮಕ್ಕಳ 'ನಾನು ರಾಜ ಆಗಿದ್ದೆ' ಎಂಬ ಮಾತಿನಂತೆ ಕೇಳಿಸಿಕೊಂಡಿರಬಹುದು. ಅಥವಾ, ಬದುಕಿರುವವನು ತನ್ನ ಲೆಕ್ಕವನ್ನು ಎಂದಾದರೊಂದು ದಿನ ತಾನೇ ತಿದ್ದಿಕೊಂಡಾನು ಎಂದು ಬಿಟ್ಟಿರಬಹುದು. ಕೇಳಲು ನನಗೆ ಧೈರ್ಯ ಬಂದಿಲ್ಲ. ಆದರೆ ವ್ಯಾಕರಣದ ಆ ವಿಚಿತ್ರ ನಿಯಮ ಈಗ ನನಗೆ ಅಷ್ಟು ವಿಚಿತ್ರವಾಗಿ ತೋರುವುದಿಲ್ಲ. ನಾನು ಏನಾಗಿದ್ದೆ ಎಂಬುದನ್ನು ನಾನೊಬ್ಬನೇ ಕುಳಿತು ಸರಿಯಾಗಿ ಹೇಳಲಾರೆ. ಅದನ್ನು ಕಟ್ಟಲು ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಇಂದಿನ 'ನಾವು' ಎಂಬ ಬುಡ ಬೇಕು.

ನಿನ್ನೆ ರಾತ್ರಿ ಫ್ರೆಂಚ್ ನೋಟ್‌ಬುಕ್ಕನ್ನು ತೆಗೆದು ಆ ಎರಡು ವಾಕ್ಯಗಳನ್ನು ಹೊಡೆದುಹಾಕಿ ಹೊಸದಾಗಿ ಬರೆದೆ. ಉಪಾಧ್ಯಾಯಿನಿಗೆ ತೋರಿಸಲಿಕ್ಕಲ್ಲ, ಅವರ ಪಾಠ ಬಹಳ ಮುಂದೆ ಹೋಗಿದೆ. ಅಪ್ಪ ನನ್ನನ್ನು ಒಂದು ಸಲ ಹೊಡೆದರು. ನಾನು ಅವರಿಗೆ ಹೆದರುತ್ತಿದ್ದೆ. ಹಾಸ್ಟೆಲಿನಿಂದ ನಾನು ಅಮ್ಮನಿಗೆ ಹನ್ನೊಂದು ಕಾಗದ ಬರೆದೆ. ಅಮ್ಮ ಕಾಯುತ್ತಿದ್ದರು.